ನಿಲ್ಲಿಸುವ ಕಸುಬು

ಶಿರಾಡಿ ಘಾಟಿಯ ಒಂದು ವಾಸನೆ ಹಾಸನ ಜಿಲ್ಲೆಯವರಿಗೆಲ್ಲ ಗೊತ್ತು. ತುಂಬಿದ ಲಾರಿ ಬ್ರೇಕ್ ತುಳಿದುಕೊಂಡೇ ಇಳಿದರೆ ಲೈನರ್ ಕಾದು, ಹಿಂದೆ ಬರುವ ಬಸ್ಸಿನ ಕಿಟಕಿಯೊಳಗೂ ಆ ಘಾಟು ನುಗ್ಗುತ್ತದೆ. ನಮ್ಮೂರು ಹಳೇಕೋಟೆಯಲ್ಲಿ ನನಗೆ ಗಾಡಿ ಕಲಿಸಿದ ದೊಡ್ಡಪ್ಪ ಲಾರಿ ಓಡಿಸಿ ತಲೆ ನೆರೆದವರು. ಇಳಿಜಾರು ಬಂದಾಗಲೆಲ್ಲ ಅವರದು ಒಂದೇ ಮಾತು: "ಗೇರಲ್ಲಿ ಇಳ್ಸು, ಬ್ರೇಕ್ ಉಳ್ಸು."

ಎಷ್ಟೋ ವರ್ಷಗಳ ಮೇಲೆ ಅದೇ ವಾಸನೆ ನನ್ನದೇ ಕಾರಿನಿಂದ ಎದ್ದಿತು. ಆಗ ನಾನಿದ್ದದ್ದು ಘಾಟಿಯಲ್ಲಲ್ಲ. ಚೆನ್ನೈ ಹತ್ತಿರ ಶ್ರೀಪೆರಂಬುದೂರಿನ ಪಕ್ಕದ ಇರುಂಗಾಟ್ಟುಕೋಟೈ ರೇಸ್ ಟ್ರ್ಯಾಕಿನಲ್ಲಿ. ಐದನೆಯ ಸುತ್ತು. ನೇರ ದಾರಿ ಮುಗಿದು ತಿರುವು ಬರುವ ಹೊತ್ತಿಗೆ ಬ್ರೇಕ್ ತುಳಿದೆ. ಪೆಡಲು ಹಸಿ ಮಣ್ಣಿನ ಮೇಲೆ ಕಾಲಿಟ್ಟಂತೆ ಮೆತ್ತಗೆ ಒಳಗೆ ಹೋಯಿತು. ಎರಡು ಸಲ ಪಂಪ್ ಮಾಡಿದ ಮೇಲೆ ಹಿಡಿಯಿತು. ಆ ಒಂದು ಕ್ಷಣದ ಹೆದರಿಕೆಯೇ ನನ್ನನ್ನು ಕಾರು ನಿಲ್ಲಿಸುವ ಈ ಕಸುಬಿನ ಬೆನ್ನು ಹತ್ತಿಸಿತು.

ನಾನು ಹೋಗಿದ್ದು ಟ್ರ್ಯಾಕ್ ಡೇಗೆ. ಅದು ರೇಸ್ ಅಲ್ಲ. ಗೆಲ್ಲುವವರಿಲ್ಲ, ಬಹುಮಾನವಿಲ್ಲ. ದಿನನಿತ್ಯ ಓಡಿಸುವ ಕಾರನ್ನೇ ತೆಗೆದುಕೊಂಡು ಹೋಗಿ, ಹಣ ಕಟ್ಟಿ, ಹೆಲ್ಮೆಟ್ ತೊಟ್ಟು, ಹದಿನೈದಿಪ್ಪತ್ತು ನಿಮಿಷದ ಸರದಿಗಳಲ್ಲಿ ಓಡಿಸುವುದು. ಎದುರಿನಿಂದ ಬರುವ ಗಾಡಿಯಿಲ್ಲ, ಅಡ್ಡ ಬರುವ ಹಸುವಿಲ್ಲ, ಶಾಲೆ ಬಿಟ್ಟ ಮಕ್ಕಳಿಲ್ಲ. ತಿರುವಿಗೊಬ್ಬ ಮಾರ್ಷಲ್ ಬಾವುಟ ಹಿಡಿದು ನಿಂತಿರುತ್ತಾನೆ. ಹಳದಿ ಕಂಡರೆ ನಿಧಾನ, ಕೆಂಪು ಕಂಡರೆ ಎಲ್ಲರೂ ವಾಪಸ್ಸು. ಭಾನುವಾರ ಬೆಳಗ್ಗೆ ಹೊಳೆನರಸೀಪುರ ರಸ್ತೆಯಲ್ಲೋ ಚನ್ನರಾಯಪಟ್ಟಣದ ಹೆದ್ದಾರಿಯಲ್ಲೋ ಕಾರು ಬಿಟ್ಟು ನೋಡುವ ನಮ್ಮ ಹುಡುಗರಿಗೆ ನಾನು ಹೇಳುವುದು ಇಷ್ಟೇ: ಆ ಆಸೆ ತಪ್ಪಲ್ಲ, ಜಾಗ ತಪ್ಪು. ಸಾರ್ವಜನಿಕ ರಸ್ತೆಯಲ್ಲಿ ಪಂದ್ಯ ಕಟ್ಟಿ ಓಡಿಸುವುದು ಮೋಟಾರು ವಾಹನ ಕಾಯ್ದೆಯ 189ನೇ ಕಲಮಿನಡಿ ಜೈಲಿಗೂ ದಾರಿ.

ಮೋಟಾರು ಕ್ರೀಡೆ ನಮ್ಮ ಸೀಮೆಗೆ ಹೊಸದಲ್ಲ. ಪಕ್ಕದ ಚಿಕ್ಕಮಗಳೂರಿನ ಕಾಫಿ ತೋಟಗಳ ಮಣ್ಣುದಾರಿಯಲ್ಲಿ ಏಷ್ಯಾ ಪೆಸಿಫಿಕ್ ರ‍್ಯಾಲಿಯ ಸುತ್ತುಗಳು ನಡೆದಿವೆ. 2016 ಮತ್ತು 2017ರಲ್ಲಿ ಆ ಚಾಂಪಿಯನ್‌ಷಿಪ್ ಗೆದ್ದ ಗೌರವ್ ಗಿಲ್ ಅಲ್ಲಿ ಓಡಿಸಿದ್ದಾರೆ. ರಾಷ್ಟ್ರೀಯ ರ‍್ಯಾಲಿಗಳಲ್ಲಿ ಅವರ ಪಕ್ಕದಲ್ಲಿ ಕೂತು ದಾರಿ ಹೇಳಿದ ಮೂಸಾ ಷರೀಫ್ ಕಾಸರಗೋಡಿನವರು. ಕರ್ನಾಟಕ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬಿನ ಕೆ-1000 ರ‍್ಯಾಲಿಯೂ ಹಳೆಯ ಹೆಸರು. ಆದರೆ ಇವೆಲ್ಲ ಮಣ್ಣಿನ ಆಟ. ಕಾರಿಗೆ ಪೂರ್ಣ ಅಳತೆಯ ಟಾರು ಸರ್ಕ್ಯೂಟ್ ಬೇಕೆಂದರೆ ನಮ್ಮ ಕಡೆಯವರು ಹೋಗುವುದು ತಮಿಳುನಾಡಿಗೆ. ಒಂದು ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ. ಮಾರುತಿ 800ರ ಎಂಜಿನ್ ಕೂರಿಸಿ ಫಾರ್ಮುಲಾ ಮಾರುತಿ ಎಂಬ ಅಗ್ಗದ ರೇಸ್ ಕಾರು ಕಟ್ಟಿ, 1995ರಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡ ಎಸ್. ಕರಿವರ್ಧನ್ ಅವರ ಹೆಸರು ಅದಕ್ಕೆ. ಇನ್ನೊಂದು ಇರುಂಗಾಟ್ಟುಕೋಟೈ. ಎರಡನೇ ಮಹಾಯುದ್ಧದ ಕಾಲದ ಶೋಲಾವರಂ ವಿಮಾನಪಟ್ಟಿಯಲ್ಲಿ ರೇಸ್ ನಡೆಸುತ್ತಿದ್ದ ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ ತನ್ನದೇ ನೆಲದಲ್ಲಿ ಕಟ್ಟಿಸಿ 1990ರಲ್ಲಿ ತೆರೆದ ಟ್ರ್ಯಾಕ್ ಅದು. ಉದ್ದ 3.7 ಕಿ.ಮೀ., ತಿರುವು ಹನ್ನೆರಡು. ಹಳೇಕೋಟೆಯಿಂದ ಐನೂರು ಕಿಲೋಮೀಟರಿನ ಆಸುಪಾಸು.

ಅಷ್ಟು ದೂರ ಹೋಗುವ ಮುಂಚೆ ಕಾರಿಗೆ ಏನು ಮಾಡಿಸಬೇಕು? ಹತ್ತರಲ್ಲಿ ಒಂಬತ್ತು ಮಂದಿ ಮೊದಲು ಎಂಜಿನ್ನಿಗೆ ಕೈ ಹಾಕುತ್ತಾರೆ. ನಾನೂ ಹಾಗೇ ಯೋಚಿಸಿದ್ದೆ. ಈಗ ಕೇಳಿದರೆ ಎಂಜಿನ್ ಮುಟ್ಟಬೇಡಿ ಅನ್ನುತ್ತೇನೆ. ಬ್ರೇಕ್ ಆಯಿಲ್ ಬದಲಿಸಿ.

ಲೆಕ್ಕ ಹೀಗಿದೆ. 1,100 ಕೆ.ಜಿ. ತೂಕದ ಕಾರು ಗಂಟೆಗೆ 150 ಕಿ.ಮೀ. ವೇಗದಿಂದ 60ಕ್ಕೆ ಇಳಿಯಬೇಕಾದರೆ ಸುಮಾರು 8 ಲಕ್ಷ ಜೂಲ್ ಶಕ್ತಿಯನ್ನು ಕಳೆದುಕೊಳ್ಳಬೇಕು. ಎರಡು ಲೀಟರಿಗೂ ಹೆಚ್ಚು ತಣ್ಣೀರನ್ನು ಕುದಿಸಲು ಇಷ್ಟು ಸಾಕು. ಒಲೆಯ ಮೇಲೆ ಅದಕ್ಕೆ ಹತ್ತು ನಿಮಿಷ ಹಿಡಿಯುತ್ತದೆ. ಇಲ್ಲಿ ನಾಲ್ಕೈದು ಸೆಕೆಂಡು. ಬ್ರೇಕ್ ಹಾಕಿದಾಗ ಭಾರ ಮುಂದಕ್ಕೆ ಬೀಳುವುದರಿಂದ ಆ ಶಾಖದ ಬಹುಪಾಲು ಮುಂದಿನ ಎರಡು ಡಿಸ್ಕುಗಳ ತಲೆಗೇ. ಅವು ಆರುವ ಮುಂಚೆ ಮುಂದಿನ ತಿರುವು. ಸುತ್ತಿಗೆ ಎರಡು-ಎರಡೂವರೆ ನಿಮಿಷ. ಹತ್ತು ನಿಮಿಷವಾಗುವಷ್ಟರಲ್ಲಿ ಶಾಖ ಪ್ಯಾಡು ದಾಟಿ, ಪಿಸ್ಟನ್ ದಾಟಿ, ಆಯಿಲಿಗೆ ಇಳಿದಿರುತ್ತದೆ. ಘಾಟಿಯ ಲಾರಿಗೆ ಗೇರಾದರೂ ಇದೆ. ಟ್ರ್ಯಾಕಿನ ಕಾರಿಗೆ ಬ್ರೇಕ್ ಬಿಟ್ಟರೆ ಗತಿಯಿಲ್ಲ.

ಬ್ರೇಕ್ ಆಯಿಲಿಗೆ ಗಾಳಿಯ ತೇವ ಹೀರುವ ಗುಣವಿದೆ. ನಮ್ಮ ಮಲೆನಾಡಿನ ಅಂಚಿನ ಮಳೆಗಾಲಗಳನ್ನು ಎರಡು ಮೂರು ಕಂಡ ಆಯಿಲೆಂದರೆ ಕೇಳುವುದೇ ಬೇಡ. ಡಾಟ್ 3 ದರ್ಜೆಯ ಆಯಿಲ್ ಹೊಸದರಲ್ಲಿ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದೆಂಬುದು ನಿಯಮ. ನೀರು ಸೇರಿದ ಮೇಲೆ ಆ ಮಿತಿ 140. ಡಾಟ್ 4ಕ್ಕೆ 230 ಮತ್ತು 155. ಡಾಟ್ 5.1ಕ್ಕೆ 260 ಮತ್ತು 180. (ಡಾಟ್ 5 ಎಂಬುದು ಸಿಲಿಕೋನಿನದು, ಇವುಗಳ ಜೊತೆ ಅದನ್ನು ಬೆರೆಸಲೇಬಾರದು.) ಆಯಿಲ್ ಕುದಿದರೆ ಪೈಪಿನೊಳಗೆ ಆವಿಯ ಗುಳ್ಳೆ ಏಳುತ್ತದೆ. ದ್ರವ ಕುಗ್ಗುವುದಿಲ್ಲ, ಆವಿ ಕುಗ್ಗುತ್ತದೆ. ಕಾಲಿನ ಒತ್ತಡವೆಲ್ಲ ಆ ಗುಳ್ಳೆ ಹಿಸುಕುವುದರಲ್ಲೇ ಮುಗಿದು ಚಕ್ರದವರೆಗೆ ಮುಟ್ಟುವುದೇ ಇಲ್ಲ. ಐದನೆಯ ಸುತ್ತಿನಲ್ಲಿ ನನಗಾದದ್ದು ಅದೇ. ಹೊರಡುವ ಮುನ್ನ ಸರ್ವಿಸ್ ಮಾಡಿದ ಕಡೆ "ಆಯಿಲ್ ಚೆನ್ನಾಗೈತೆ" ಅಂದಿದ್ದರು. ತೆಗೆದು ನೋಡಿದಾಗ ಕಾಫಿ ಡಿಕಾಕ್ಷನ್ ಬಣ್ಣವಿತ್ತು. ಆಯಿಲ್ ಬದಲಿಸುವುದು ಒಂದು ಟ್ಯಾಂಕ್ ಪೆಟ್ರೋಲಿಗಿಂತ ಕಡಿಮೆ ಖರ್ಚಿನ ಕೆಲಸ.

ಆಮೇಲೆ ಪ್ಯಾಡ್. ಕಂಪನಿ ಪ್ಯಾಡ್ ತಣ್ಣಗಿದ್ದಾಗಲೇ ಹಿಡಿಯುವಂತೆ ಮಾಡಿದ್ದು. ಅತಿಯಾಗಿ ಕಾದರೆ ಜಾರುತ್ತದೆ. ಅಪ್ಪಟ ರೇಸ್ ಪ್ಯಾಡ್ ಇದಕ್ಕೆ ತದ್ವಿರುದ್ಧ: ಕಾದರೆ ಮಾತ್ರ ಹಿಡಿಯುತ್ತದೆ. ಅದನ್ನು ಹಾಕಿಕೊಂಡು ಬೆಳಗ್ಗೆ ಮನೆಯಿಂದ ಹೊರಟವನಿಗೆ ಮೊದಲ ಹಂಪಿನಲ್ಲೇ ಅಪಾಯ. ಎರಡರ ನಡುವಿನ ಪ್ಯಾಡುಗಳು ಸಿಗುತ್ತವೆ, ನಮಗೆ ಅವೇ ಸರಿ. ತೂತು ಕೊರೆದ ಡಿಸ್ಕ್ ನೋಡಲು ಚೆಂದ, ಆದರೆ ತೂತಿನ ಅಂಚಿನಿಂದಲೇ ಬಿರುಕು ಶುರುವಾಗುತ್ತದೆ. ಒಳಗೆ ಗಾಳಿಯಾಡುವ ಕಂಪನಿ ಡಿಸ್ಕು ಸಾಕು. ಹೊಸ ಪ್ಯಾಡನ್ನು ಡಿಸ್ಕಿಗೆ ಕೂರಿಸಬೇಕು: ಖಾಲಿ ರಸ್ತೆಯಲ್ಲಿ ಹಲವು ಬಾರಿ ವೇಗದಿಂದ ನಿಧಾನಕ್ಕೆ ಇಳಿಸಿ, ಪೂರ್ತಿ ನಿಲ್ಲಿಸದೆ, ನಡುವೆ ಆರಲು ಬಿಟ್ಟು.

ಸಸ್ಪೆನ್ಷನ್ ವಿಷಯಕ್ಕೆ ಬಂದರೆ ನನಗೆ ನಿಜವಾಗಿ ಸಂಕಟವಾಗುವುದು ಸ್ಪ್ರಿಂಗ್ ಕತ್ತರಿಸುವುದನ್ನು ಕಂಡಾಗ. ಕಾರು ತಗ್ಗಾಗಿ ಕಾಣಲಿ ಎಂದು ಗ್ರೈಂಡರ್ ಹಿಡಿದು ಒಂದೂವರೆ ಸುತ್ತು ಕೊಯ್ದು ಎಸೆಯುತ್ತಾರೆ. ಸ್ಪ್ರಿಂಗಿನ ತುದಿ ತನ್ನ ಬಟ್ಟಲಲ್ಲಿ ಸರಿಯಾಗಿ ಕೂರುವುದಿಲ್ಲ. ಶಾಕ್ ಅಬ್ಸಾರ್ಬರ್ ಆಡಲು ಜಾಗವಿಲ್ಲದೆ ತಳದ ರಬ್ಬರಿಗೆ ಬಡಿಯುತ್ತದೆ. ಬಡಿದ ಗಳಿಗೆಯಲ್ಲೇ ಆ ಚಕ್ರದ ಹಿಡಿತ ಮುಗಿಯಿತು.

ಎತ್ತಿನ ಗಾಡಿಗೆ ಆಲೂಗೆಡ್ಡೆ ಮೂಟೆ ಹೇರಿದವರಿಗೆ ಮುಂಭಾರ, ಹಿಂಭಾರ ಎಂದರೇನೆಂದು ಹೇಳಿಕೊಡಬೇಕಿಲ್ಲ. ಕಾರಿನಲ್ಲಿ ಆ ಭಾರ ಗಳಿಗೆಗೊಂದು ಕಡೆ ಸರಿಯುತ್ತದೆ. ಬ್ರೇಕ್ ಹಾಕಿದರೆ ಮೂಗಿಗೆ, ತಿರುಗಿಸಿದರೆ ಹೊರಗಿನ ಚಕ್ರಗಳಿಗೆ. ಭಾರ ಹೊರುವುದು ಸ್ಪ್ರಿಂಗಿನ ಕೆಲಸ. ಆ ಭಾರ ಎಷ್ಟು ಬೇಗ, ಎಷ್ಟು ಮೆಲ್ಲಗೆ ಸರಿಯಬೇಕೆಂದು ತಡೆದು ಕಳಿಸುವುದು ಶಾಕ್‌ನ ಕೆಲಸ. ಸ್ಪ್ರಿಂಗ್ ಗಟ್ಟಿ ಮಾಡಿ ಶಾಕ್ ಹಳೆಯದೇ ಬಿಟ್ಟರೆ ಕಾರು ಕುಣಿಯುತ್ತಲೇ ಇರುತ್ತದೆ. ಎರಡನ್ನೂ ಜೋಡಿಯಾಗಿಯೇ ಬದಲಿಸಬೇಕು.

ತಗ್ಗಿಸುವುದಕ್ಕೂ ಮಿತಿಯಿದೆ. ನಮ್ಮ ಬಹುಪಾಲು ಸಣ್ಣ ಕಾರುಗಳ ಮುಂಭಾಗದಲ್ಲಿರುವುದು ಮ್ಯಾಕ್‌ಫರ್ಸನ್ ಸ್ಟ್ರಟ್. ಇದರಲ್ಲಿ ಕಾರನ್ನು ಒಂದಿಂಚು ಇಳಿಸಿದರೆ, ಅದು ಯಾವ ಬಿಂದುವಿನ ಮೇಲೆ ವಾಲುತ್ತದೋ ಆ ಬಿಂದು ಒಂದಿಂಚಿಗಿಂತ ಹೆಚ್ಚು ಇಳಿಯುತ್ತದೆ. ಭಾರಕೇಂದ್ರಕ್ಕೂ ಆ ಬಿಂದುವಿಗೂ ನಡುವಿನ ಅಂತರವೇ ಕಾರನ್ನು ವಾಲಿಸುವ ಸನ್ನೆಗೋಲು. ಅದು ಉದ್ದವಾದಷ್ಟೂ ವಾಲುವುದು ಹೆಚ್ಚು. ಚೆಂದಕ್ಕೆಂದು ನೆಲಕ್ಕಂಟಿಸಿದ ಕಾರು ತಿರುವಿನಲ್ಲಿ ಮೊದಲಿಗಿಂತ ಕೆಟ್ಟದಾಗಿ ನಡೆಯಬಹುದು. ಮೊದಲು ಸವೆದ ಬುಷ್ಷು, ಲಿಂಕ್ ರಾಡು ಹೊಸದಾಗಲಿ. ಮುಂದಿನ ಚಕ್ರಗಳ ತಲೆ ಒಂದೂವರೆ ಎರಡು ಡಿಗ್ರಿ ಒಳಕ್ಕೆ ವಾಲಲಿ, ಅಂದರೆ ನೆಗೆಟಿವ್ ಕ್ಯಾಂಬರ್. ಇಳಿಸಲೇಬೇಕೆಂದರೆ 25 ಮಿ.ಮೀ. ಸಾಕು. ಅಷ್ಟು ಇಳಿಸಿದರೂ ಊರಿನ ಹಂಪುಗಳನ್ನು ಓರೆಯಾಗಿ ದಾಟಬೇಕಾಗುತ್ತದೆ.

ಕಾನೂನಿನ ಮಾತೂ ಇದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ತಯಾರಕರ ಮೂಲ ವಿವರಕ್ಕೆ ವಿರುದ್ಧವಾಗಿ ವಾಹನ ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿದಿದೆ. ಒಳ್ಳೆಯ ಆಯಿಲು, ಪ್ಯಾಡು, ಬುಷ್ಷು ಸವೆದದ್ದಕ್ಕೆ ಬದಲಿ. ಎತ್ತರ, ಸ್ಪ್ರಿಂಗ್ ಬದಲಿಸುವ ಮುನ್ನ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿ. ಸಾಮಾನ್ಯ ವಿಮೆ ರೇಸಿಗೂ ವೇಗಪರೀಕ್ಷೆಗೂ ಒದಗುವುದಿಲ್ಲ. ಟ್ರ್ಯಾಕಿನಲ್ಲಿ ಗುದ್ದಿದರೆ ಖರ್ಚು ನಿಮ್ಮದೇ ಎಂದುಕೊಂಡು ಹೋಗಿ.

ಎರಡನೇ ಬಾರಿ ಹೋಗುವ ಹಿಂದಿನ ಸಂಜೆ ಮನೆ ಮುಂದಿನ ಅಂಗಳದಲ್ಲಿ ಆಯಿಲ್ ಬದಲಿಸಿದೆ. ಸ್ಪ್ಯಾನರ್ ಹಿಡಿದು ಚಕ್ರದ ಪಕ್ಕ ನಾನು, ಒಳಗೆ ಪೆಡಲಿನ ಮೇಲೆ ದೊಡ್ಡಪ್ಪ. "ಒತ್ತಿ ದೊಡ್ಡಪ್ಪ... ಹಿಡ್ಕಳಿ... ಬಿಡಿ." ಪಾರದರ್ಶಕ ಪೈಪಿನಲ್ಲಿ ಗುಳ್ಳೆ ನಿಲ್ಲುವವರೆಗೂ ನಾಲ್ಕು ಚಕ್ರಕ್ಕೂ ಅದೇ ಮಂತ್ರ. ಕತ್ತಲಾಗುವ ಹೊತ್ತಿಗೆ ಅವರು ಒಳಗಿನಿಂದಲೇ ಕೂಗಿದರು: "ಈಗ ಕಲ್ಲಾಯ್ತು ಕಣೋ!"

ಟ್ರ್ಯಾಕಿನಲ್ಲಿ ಹತ್ತು ನಿಮಿಷ ಓಡಿಸಿ, ಬ್ರೇಕ್ ಮುಟ್ಟದೆ ಒಂದು ಸುತ್ತು ತಣ್ಣಗೆ ಬಂದು, ಹ್ಯಾಂಡ್‌ಬ್ರೇಕ್ ಎಳೆಯದೆ ಗೇರಿನಲ್ಲೇ ನಿಲ್ಲಿಸಿದೆ. ಕಾದ ಡಿಸ್ಕುಗಳು ಟಿಕ್ ಟಿಕ್ ಎಂದು ಆರುತ್ತಿದ್ದವು. ಕೂತಲ್ಲಿಂದಲೇ ಪೆಡಲನ್ನು ಇನ್ನೊಮ್ಮೆ ಒತ್ತಿ ನೋಡಿದೆ. ಕಲ್ಲಿನ ಹಾಗೇ ಇತ್ತು. ಊರಿಗೆ ಫೋನ್ ಮಾಡಿದೆ.