ಮೂರು ಕುದುರೆಗಳ ಟಿಕೆಟ್

ಸುರಂಗ ರೈಲಿನಿಂದ ಮೇಲೆ ಬಂದ ನಮ್ಮ ಕಣ್ಣು ಇನ್ನೂ ಬಿಸಿಲಿಗೆ ಹೊಂದಿಕೊಂಡಿರಲಿಲ್ಲ. ‘ನಮಸ್ತೆ! ಇಂಡಿಯಾ?’ ಎನ್ನುತ್ತ ಒಬ್ಬಾತ ಎದುರಿಗೆ ಬಂದು ನಿಂತ. ಕಣ್ಣು ಕುಕ್ಕುವ ಬಣ್ಣದ ಜಾಕೆಟ್ಟು, ಕೊರಳಲ್ಲಿ ಗುರುತಿನ ಚೀಟಿ, ಕೈಯಲ್ಲಿ ಮಿರಿಮಿರಿ ಮಿಂಚುವ ಕಾರ್ಡುಗಳ ಕಟ್ಟು. ನ್ಯೂಯಾರ್ಕಿನ ಮ್ಯಾನ್‌ಹಟನ್ ದ್ವೀಪದ ದಕ್ಷಿಣ ತುದಿಯಲ್ಲಿರುವ ಬ್ಯಾಟರಿ ಎಂಬ ಉದ್ಯಾನ ಅದು. ಲಿಬರ್ಟಿ ಪ್ರತಿಮೆ ನೋಡಹೋಗುವವರೆಲ್ಲ ಬಂದು ಸೇರುವ ಜಾಗ. ಎರಡು ದಿನದಿಂದ ಬೀದಿಯಲ್ಲಿ ನಮ್ಮ ಕಡೆಯ ಒಂದು ಮಾತೂ ಕಿವಿಗೆ ಬೀಳದೆ ಸೊರಗಿದ್ದ ತೀರ್ಥಹಳ್ಳಿಯ ನಮ್ಮ ಭಾವ ಆ ಒಂದು ನಮಸ್ತೆಗೇ ಕರಗಿಹೋದರು. ಇಬ್ಬರೂ ತಂತಮ್ಮ ಹರಕು ಹಿಂದಿಯಲ್ಲಿ ಕುಶಲ ವಿಚಾರಿಸಿಕೊಂಡರು. ಪ್ರತಿಮೆಯ ಟಿಕೆಟು ಇವತ್ತಿನ ಮಟ್ಟಿಗೆ ಮುಗಿದೇ ಹೋಗಿದೆಯಂತೆ. ಅವನ ಹತ್ತಿರ ಮಾತ್ರ ನಾಲ್ಕು ಉಳಿದಿವೆಯಂತೆ. ತಲೆಗೆ 60 ಡಾಲರಂತೆ.

ಭಾವನ ಮಗಳು ಅಲ್ಲೇ ನದಿಯಾಚೆ ನ್ಯೂಜೆರ್ಸಿಯಲ್ಲಿರುವವಳು. ಕಾರ್ಡು ಇಸಿದುಕೊಂಡು ಹಿಂದುಮುಂದು ತಿರುಗಿಸಿದಳು. ಒಂದು ಮಗ್ಗುಲಲ್ಲಿ ಪ್ರತಿಮೆ, ದೋಣಿ, ಅದರ ಹಿಂದೆ ಕೆಂಪಗೆ ಮುಳುಗುವ ಸೂರ್ಯ. ಇನ್ನೊಂದು ಮಗ್ಗುಲಿನ ಅಡಿಯಲ್ಲಿ ಇರುವೆ ಸಾಲಿನಂಥ ಅಕ್ಷರ: ದೋಣಿ ಪ್ರತಿಮೆಯ ಮುಂದೆ ಹಾದುಹೋಗುತ್ತದೆ, ದ್ವೀಪದಲ್ಲಿ ಇಳಿಸುವುದಿಲ್ಲ. ‘ಅಪ್ಪ, ನಡಿ ನಡಿ’ ಎಂದು ತೋಳು ಹಿಡಿದು ಎಳೆದಳು. ‘ಅಲ್ಲ ಮಾರಾಯ್ತಿ, ಎಷ್ಟು ವಿಶ್ವಾಸದಿಂದ ಮಾತಾಡ್ಸಿದ’ ಎಂದು ಭಾವ ಹಿಂದಿರುಗಿ ನೋಡುತ್ತಲೇ ನಡೆದರು.

ದ್ವೀಪದಲ್ಲಿ ಇಳಿಸುವ ಅಧಿಕೃತ ದೋಣಿಯ ಟಿಕೆಟ್ಟು ಸಿಗುವುದು ಅಲ್ಲಿಂದ ಕೂಗಳತೆಯಲ್ಲಿರುವ ಕೆಂಪು ಕಲ್ಲಿನ ದುಂಡು ಕೋಟೆಯೊಳಗೆ. ಸುಮಾರು 25 ಡಾಲರ್. ಮುಗಿದೂ ಇರಲಿಲ್ಲ. ಕ್ಯಾಸಲ್ ಕ್ಲಿಂಟನ್ ಎಂದು ಕೋಟೆಯ ಹೆಸರು. ಸಾಲಿನಲ್ಲಿ ನಿಂತವರಲ್ಲಿ ಗೋಡೆಯ ಕಡೆ ತಲೆ ಎತ್ತಿ ನೋಡಿದವರು ಒಬ್ಬರೂ ಕಾಣಲಿಲ್ಲ. ಹೊಸಬರಿಗೆ ಟೋಪಿ ಹಾಕುವವರನ್ನು ತಡೆಯುವುದಕ್ಕೆಂದೇ ಈ ನಗರ ಒಂದು ಕಾಲದಲ್ಲಿ ಇದೇ ಗೋಡೆಯ ಮರೆ ಹಿಡಿದಿತ್ತು ಎಂಬುದು ನನಗೂ ಆಗ ಗೊತ್ತಿರಲಿಲ್ಲ.

ಗೊತ್ತಾದದ್ದು ಆಮೇಲೆ, ಫ್ರೀಡ್ರಿಖ್ ಕಾಪ್ ಎಂಬಾತ 1870ರಲ್ಲಿ ಬರೆದ ಪುಸ್ತಕದಿಂದ. ಕಾಪ್ ಜರ್ಮನ್ ವಕೀಲ. 1848ರ ಕ್ರಾಂತಿ ಸೋತ ಮೇಲೆ ದೇಶ ಬಿಟ್ಟು ನ್ಯೂಯಾರ್ಕಿಗೆ ಬಂದವನು. ಮುಂದೆ ಅಲ್ಲಿನ ವಲಸಿಗರ ಆಯೋಗದ ಸದಸ್ಯನಾದ. ಅವನ ಪುಸ್ತಕದಲ್ಲಿ ವಲಸಿಗರಿಗೆ ಆಗುತ್ತಿದ್ದ ಮೋಸದ ಬಗ್ಗೆ 1847ರ ಶಾಸನಸಭಾ ಸಮಿತಿ ನಡೆಸಿದ ವಿಚಾರಣೆಯ ಸಂಗತಿಗಳಿವೆ. ಸಮಿತಿ ಕಂಡ ಒಂದು ಟಿಕೆಟ್ಟಿನ ವರ್ಣನೆಯೂ ಇದೆ. ಅಂದವಾಗಿ ಅಚ್ಚು ಹಾಕಿದ ಚೀಟಿ. ಮೇಲೆ ಮೂರು ಚಿತ್ರ: ಒಂದು ಹಬೆಹಡಗು, ಒಂದು ರೈಲುಗಾಡಿ, ಮೂರು ಕುದುರೆ ಕಟ್ಟಿದ ಒಂದು ಕಾಲುವೆ ದೋಣಿ. ಓದು ಬಾರದವನಿಗೂ ತಿಳಿಯಬೇಕು: ಮೊದಲು ಹಡಗು, ಆಮೇಲೆ ರೈಲು, ಆಮೇಲೆ ದೋಣಿ, ಅಲ್ಲಿಗೆ ಊರು ಬಂತು. ಐರ್ಲೆಂಡಿನಿಂದಲೋ ಜರ್ಮನಿಯಿಂದಲೋ ವಾರಗಟ್ಟಲೆ ಸಮುದ್ರದ ಮೇಲೆ ಹೊಯ್ದಾಡಿ ಬಂದ ರೈತ ಸೆರಗಿನ ಗಂಟು ಬಿಚ್ಚಿದಂತೆ ದುಡ್ಡು ಬಿಚ್ಚಿ ಅದನ್ನು ಕೊಳ್ಳುತ್ತಿದ್ದ. ಹಡ್ಸನ್ ನದಿಯ ಮೇಲೆ ಆಲ್ಬನಿಯವರೆಗೆ ಹಡಗೇನೋ ಒಯ್ಯುತ್ತಿತ್ತು. ಅಲ್ಲಿ ಇನ್ನೊಬ್ಬ ಏಜೆಂಟ ಚೀಟಿಯನ್ನು ನೋಡಿ, ಇದು ನಡೆಯುವುದಿಲ್ಲ ಎಂದು ವಾಪಸು ಕೊಡುತ್ತಿದ್ದ. ಮುಂದೆ ಹೋಗಬೇಕೆಂದರೆ ಮತ್ತೆ ದುಡ್ಡು ಎಣಿಸಬೇಕು. ಮೂರು ಕುದುರೆಗಳು ಕಾಗದ ಬಿಟ್ಟು ಇಳಿದು ಬರುತ್ತಲೇ ಇರಲಿಲ್ಲ.

ಮಾರುತ್ತಿದ್ದವರನ್ನು ನ್ಯೂಯಾರ್ಕಿನಲ್ಲಿ ‘ರನ್ನರ್’ ಎನ್ನುತ್ತಿದ್ದರು. ಹಡಗು ದಡ ಮುಟ್ಟುವಷ್ಟರಲ್ಲಿ ಓಡಿ ಬಂದು ಮೇಲೆ ಹತ್ತುವವರು. ಮೊದಲು ಕೈ ಹಾಕುತ್ತಿದ್ದದ್ದು ಗಂಟುಮೂಟೆಗೆ. ಪೆಟ್ಟಿಗೆ ಅವನ ಹೆಗಲೇರಿತೆಂದರೆ ಪೆಟ್ಟಿಗೆಯ ಯಜಮಾನ ಹಿಂದೆ ಬರಲೇಬೇಕು. ಅದು ಹೋಗಿ ನಿಲ್ಲುವುದು ಒಂದು ವಸತಿಗೃಹದಲ್ಲಿ. ಊಟಕ್ಕೆ, ಹಾಸಿಗೆಗೆ ಅಗ್ಗದ ದರ ಹೇಳಿ ಒಳಗೆ ಕರೆದುಕೊಂಡವರು ಹೊರಡುವ ದಿನ ಅದರ ಮೂರು ಪಟ್ಟು ಕೇಳುತ್ತಿದ್ದರು. ಕೊಡಲಾಗದಿದ್ದರೆ ಪೆಟ್ಟಿಗೆ ಅಲ್ಲೇ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಇದ್ಯಾವುದೂ ಅಲ್ಲ. ರನ್ನರುಗಳನ್ನು ಆರಿಸುತ್ತಿದ್ದ ರೀತಿ. ಐರಿಷ್ ಹಡಗಿಗೆ ಐರಿಷರವನೇ ಹತ್ತಬೇಕು, ಜರ್ಮನ್ ಹಡಗಿಗೆ ಜರ್ಮನ್ ಬಲ್ಲವನೇ. ಹೊಸ ದೇಶದ ಮೊದಲ ಗಳಿಗೆಯಲ್ಲಿ ತಮ್ಮದೇ ನುಡಿ, ತಮ್ಮದೇ ರಾಗದಲ್ಲಿ ಕಿವಿಗೆ ಬಿದ್ದಾಗ ಆ ಜನಕ್ಕೆ ಎಷ್ಟು ತಂಪಾಗಿರಬೇಡ! ವಿದೇಶದಲ್ಲಿ ಎಚ್ಚರವಾಗಿರಿ ಎಂದು ನಮಗೆ ಹೇಳುವವರೆಲ್ಲ ಅಪರಿಚಿತರ ಬಗ್ಗೆ ಹೇಳುತ್ತಾರೆ. ಅಪರಿಚಿತನ ಮುಂದೆ ಯಾರಾದರೂ ಜೇಬು ಮುಟ್ಟಿ ನೋಡಿಕೊಳ್ಳುತ್ತಾರೆ. ಹುಡುಗನಾಗಿದ್ದಾಗ ಮೆಜೆಸ್ಟಿಕ್‌ನಲ್ಲಿ ಬಸ್ಸಿಳಿದ ನನ್ನನ್ನು ಒಂದು ಕೊಳಕು ಲಾಡ್ಜಿನವರೆಗೆ ನಡೆಸಿಕೊಂಡು ಹೋದದ್ದು ‘ಯಾವೂರು ಸ್ವಾಮಿ? ಓಹೋ, ನಮ್ದೂ ಅದೇ ಕಡೆ’ ಎಂಬ ಮಾತೇ. ನಮ್ಮೂರೋನು ಎಂದ ಮೇಲೆ ಜೇಬಿನ ಮೇಲಿನ ಕೈ ತಾನೇ ತಾನಾಗಿ ಕೆಳಗಿಳಿಯುತ್ತದೆ.

ಐರ್ಲೆಂಡಿನ ಆಲೂಗೆಡ್ಡೆ ಬರದಿಂದಾಗಿ ಹಡಗುಗಳು ಒಂದರ ಹಿಂದೊಂದು ಬರತೊಡಗಿದ ಕಾಲ ಅದು. 1847ರ ಮೇ ತಿಂಗಳಲ್ಲಿ ನ್ಯೂಯಾರ್ಕ್ ರಾಜ್ಯ ವಲಸಿಗರ ಆಯೋಗ ರಚಿಸಿತು. ಆ ವರ್ಷದ ಉಳಿದ ತಿಂಗಳುಗಳಲ್ಲೇ ಬಂದಿಳಿದವರು 1,29,062 ಮಂದಿ. 1854ರಲ್ಲಿ 3,19,223. ಇಷ್ಟು ಜನ ಊರಿನ ಯಾವ ಕಟ್ಟೆಯಲ್ಲಿ ಬೇಕಾದರೂ ಇಳಿಯಬಹುದಾಗಿದ್ದರೆ ರನ್ನರುಗಳನ್ನು ತಡೆಯುವುದು ಹೇಗೆ? ಒಂದೇ ಬಾಗಿಲು ಬೇಕು, ಬಾಗಿಲಿಗೆ ಗೋಡೆ ಬೇಕು ಎಂದು ಆಯೋಗದವರು ಹಟ ಹಿಡಿದರು. ಹ್ಯೂಬರ್ಟ್ ಬೀದಿಯ ಕಟ್ಟೆಯನ್ನು ಗುತ್ತಿಗೆಗೆ ಹಿಡಿದರೆ ಆ ಬೀದಿಯ ಗಣ್ಯರು ಕೋರ್ಟಿಗೆ ಹೋಗಿ ತಡೆದರು. ವರ್ಷಗಳು ಹಾಗೇ ಕಳೆದವು. ಕೊನೆಗೆ ಕಣ್ಣು ಬಿದ್ದದ್ದು ಬ್ಯಾಟರಿಯ ದುಂಡು ಕೋಟೆಯ ಮೇಲೆ.

ಬ್ರಿಟಿಷರ ಮೇಲಿನ ಯುದ್ಧಕ್ಕೆಂದು 1811ರ ಹೊತ್ತಿಗೆ ಕಟ್ಟಿ ಮುಗಿಸಿದ್ದ, ಒಂದು ಗುಂಡನ್ನೂ ಶತ್ರುವಿನ ಮೇಲೆ ಹಾರಿಸದ ಕೋಟೆ. 1824ರಿಂದ ಕ್ಯಾಸಲ್ ಗಾರ್ಡನ್ ಎಂಬ ಹೆಸರಿನಲ್ಲಿ ಮನರಂಜನೆಯ ಜಾಗವಾಗಿತ್ತು. 1850ರಲ್ಲಿ ಮನರಂಜನೆಯ ವ್ಯಾಪಾರಿ ಪಿ. ಟಿ. ಬಾರ್ನಮ್ ಸ್ವೀಡನ್ನಿನ ಗಾಯಕಿ ಜೆನ್ನಿ ಲಿಂಡ್‌ಳನ್ನು ಕರೆತಂದು ಇಲ್ಲಿ ಹಾಡಿಸಿದ. ಟಿಕೆಟ್ಟುಗಳ ಹರಾಜೂ ಇಲ್ಲೇ ನಡೆಯಿತು. ಮೊದಲ ಟಿಕೆಟ್ಟಿಗೆ 225 ಡಾಲರ್ ಕೂಗಿ ಕೊಂಡವನು ಜೆನಿನ್ ಎಂಬ ಟೋಪಿ ವ್ಯಾಪಾರಿ. ಟೋಪಿ ಹಾಕುವುದು ಎಂಬ ನಮ್ಮ ಮಾತಿಗೆ ಇದಕ್ಕಿಂತ ಒಳ್ಳೆಯ ಅಡಿಟಿಪ್ಪಣಿ ಸಿಗಲಿಕ್ಕಿಲ್ಲ. ಆದರೆ ಜೆನಿನ್ ಮೋಸ ಹೋದವನಲ್ಲ. ಹರಾಜಿನ ಸುದ್ದಿ ದೇಶವೆಲ್ಲ ಹರಡಿ ಅವನ ಟೋಪಿಗಳು ಬಿಸಿ ದೋಸೆಯಂತೆ ಖರ್ಚಾದವು.

1855ರ ಆಗಸ್ಟ್ ಆರಂಭದಲ್ಲಿ ಕೋಟೆಯ ಬಾಗಿಲು ವಲಸಿಗರಿಗೆ ತೆರೆಯಿತು. ರನ್ನರುಗಳಿಗೆ ಮುಚ್ಚಿತು. ಅದೇ ತಿಂಗಳು ಬ್ಯಾಟರಿಯಲ್ಲಿ ಒಂದು ಪ್ರತಿಭಟನಾ ಸಭೆ ನಡೆಯಿತು. ಹೊಸಬರನ್ನು ದೋಚುವ ಹಕ್ಕು ಕಿತ್ತುಕೊಂಡದ್ದಕ್ಕೆ ಬಹಿರಂಗ ಸಭೆ! ಮುಂದಾಳು ಕ್ಯಾಪ್ಟನ್ ಐಸಾಯ ರಿಂಡರ್ಸ್.

ಈ ಮನುಷ್ಯನನ್ನು ಸುಮ್ಮನೆ ದಾಟಿ ಹೋಗಲು ಮನಸ್ಸು ಬರುವುದಿಲ್ಲ. ಹಡ್ಸನ್ ನದಿಯಲ್ಲಿ ಸರಕಿನ ದೋಣಿ ನಡೆಸಿದ್ದರಿಂದ ಕ್ಯಾಪ್ಟನ್ ಎಂಬ ಪಟ್ಟ. ಮಿಸಿಸಿಪ್ಪಿಯ ಹಡಗುಗಳಲ್ಲಿ ಜೂಜಾಡಿ ಪಳಗಿದವನು. ನ್ಯೂಯಾರ್ಕಿಗೆ ಬಂದು ಎಂಪೈರ್ ಕ್ಲಬ್ ಕಟ್ಟಿ, ಚುನಾವಣೆ ಬಂದಾಗ ಟ್ಯಾಮನಿ ಹಾಲ್ ಎಂಬ ರಾಜಕೀಯ ಕೂಟಕ್ಕೆ ತೋಳುಬಲ ಒದಗಿಸುತ್ತಿದ್ದ. 1849ರಲ್ಲಿ ಮ್ಯಾಕ್‌ಬೆತ್ ಪಾತ್ರ ಮಾಡುವ ಇಬ್ಬರು ನಟರಲ್ಲಿ ಯಾರು ಮೇಲು ಎಂಬ ಜಗಳ ಆಸ್ಟರ್ ಪ್ಲೇಸ್ ರಂಗಮಂದಿರದ ಮುಂದೆ ಗಲಭೆಯಾಗಿ, ಸೈನಿಕರ ಗುಂಡಿಗೆ 20ಕ್ಕೂ ಹೆಚ್ಚು ಮಂದಿ ಸತ್ತರು. ಅದಕ್ಕೆ ಎಣ್ಣೆ ಸುರಿದವರಲ್ಲಿ ಇವನೂ ಒಬ್ಬ. ಅಂಥವನು ಈಗ ಜನರ ಹಿತದ ವಕ್ತಾರ. ಕೋಟೆಯ ವಿರೋಧಿಗಳು ಆಡಿದ್ದು ತಮ್ಮ ಗಳಿಕೆ ಹೋಯಿತೆಂಬ ಮಾತನ್ನಲ್ಲ. ಸಾರ್ವಜನಿಕರು ಗಾಳಿ ಸೇವನೆಗೆ ಬರುವ ಜಾಗ ಹಾಳಾಯಿತಲ್ಲ, ಹಡಗಿನ ರೋಗಗಳು ಊರಿಗೆ ಹಬ್ಬುತ್ತವಲ್ಲ, ಸುತ್ತಲಿನ ಮನೆಗಳ ಬೆಲೆ ಬೀಳುತ್ತದಲ್ಲ ಎಂದು ಮರುಗಿದರು. ಎರಡು ವರ್ಷ ಕಳೆಯುವುದರೊಳಗೆ ರಾಷ್ಟ್ರಾಧ್ಯಕ್ಷ ಬ್ಯುಕ್ಯಾನನ್ ರಿಂಡರ್ಸ್‌ನನ್ನು ಅಮೆರಿಕ ಸರ್ಕಾರದ ಮಾರ್ಷಲ್ ಮಾಡಿದ. ಕಾನೂನು ಕಾಯುವ ಹುದ್ದೆ ಅದು.

ಕೂಗಾಡಿದರೂ ಗೋಡೆ ಅಲುಗಲಿಲ್ಲ. ಹಡಗು ದೂರ ನಿಲ್ಲುತ್ತಿತ್ತು. ಜನರನ್ನೂ ಪೆಟ್ಟಿಗೆಗಳನ್ನೂ ದೋಣಿಯಲ್ಲಿ ನೇರ ಕೋಟೆಯ ಕಟ್ಟೆಗೇ ತರುತ್ತಿದ್ದರು. ಪೆಟ್ಟಿಗೆಗೊಂದು ಹಿತ್ತಾಳೆ ಬಿಲ್ಲೆ, ಅದರ ಜೋಡಿ ಬಿಲ್ಲೆ ಯಜಮಾನನ ಕೈಯಲ್ಲಿ. ಹೆಸರು, ಹೋಗಬೇಕಾದ ಊರು ಬರೆಸಬೇಕು. ಸ್ನಾನಕ್ಕೆ ಬೇಕಾದಷ್ಟು ನೀರು, ಸೋಪು. ರೈಲು ಟಿಕೆಟ್ಟು ಅಲ್ಲೇ, ನಿಗದಿಯಾದ ದರಕ್ಕೆ. ಹಣ ಬದಲಾಯಿಸಿಕೊಡುವವರೂ ಒಳಗೇ. ಓದುಬರಹ ಬಾರದವರ ಪರವಾಗಿ ಕಾಗದ ಬರೆದುಕೊಡುವ ಗುಮಾಸ್ತರೂ ಇದ್ದರು. ಊರಲ್ಲಿ ನೆಂಟರಿರುವವರ ಹೆಸರನ್ನು ಗಟ್ಟಿಯಾಗಿ ಕೂಗುತ್ತಿದ್ದರು. ಹೊರಗೆ ಕಾದವರು ಒಳಗೆ ಓಡಿ ಬರುತ್ತಿದ್ದರು. ಜೆನ್ನಿ ಲಿಂಡ್ ಹಾಡಿದ್ದ ಚಾವಣಿಯ ಕೆಳಗೆ ಹತ್ತು ಭಾಷೆಯ ಗದ್ದಲ. ಈ ಗದ್ದಲದಿಂದಲೇ ಯಿಡ್ಡಿಷ್ ಭಾಷೆಗೆ ‘ಕೆಸೆಲ್‌ಗಾರ್ಟನ್’ ಎಂಬ ಪದ ಬಂತು. ಸಂತೆಗದ್ದಲದಂಥ ಯಾವ ಜಾಗಕ್ಕಾದರೂ ಅವರು ಹಾಗೆನ್ನುತ್ತಿದ್ದರು.

ರನ್ನರುಗಳು ಸತ್ತುಹೋಗಲಿಲ್ಲ, ಜಾಗ ಬದಲಾಯಿಸಿದರು. ಕೆಲವರು ಬೇಲಿಯಾಚೆ ಕಾದರು. ಜಾಣರು ಸಮುದ್ರವನ್ನೇ ದಾಟಿದರು. ನ್ಯೂಯಾರ್ಕಿನಲ್ಲಿ ಮಾರಲಾಗದ ಒಳನಾಡಿನ ಟಿಕೆಟ್ಟನ್ನು ಯುರೋಪಿನ ಬಂದರುಗಳಲ್ಲಿ, ಹಡಗು ಹತ್ತುವ ಮೊದಲೇ ಮಾರುವ ವ್ಯಾಪಾರ ಕುದುರಿತು.

ಮುಂದಿನ 35 ವರ್ಷದ ಕಥೆಯನ್ನು ಬೇಗ ಮುಗಿಸುತ್ತೇನೆ, ಅದರಲ್ಲಿ ಸಂತೋಷ ಕಡಿಮೆ. ಸುಮಾರು 80 ಲಕ್ಷ ಜನ ಈ ಬಾಗಿಲಿನಿಂದ ಒಳಬಂದರು. ಗೋಡೆಯೊಳಗಿನ ಗುತ್ತಿಗೆದಾರರು ಕೊಬ್ಬಿದರು. ರೈಲು ಕಂಪನಿಗಳು ಒಟ್ಟಾಗಿ ದರ ಕಟ್ಟಿದವು, ಸಾಮಾನಿನ ತೂಕದ ಲೆಕ್ಕ ಹಿಗ್ಗಿತು. ಹೊರಗಿನ ರನ್ನರನಿಗೆ ಒಬ್ಬ ಎದುರಾಳಿಯಾದರೂ ಇರುತ್ತಿದ್ದ, ಒಳಗಿನವನಿಗೆ ಯಾರೂ ಇಲ್ಲ. 1887ರಲ್ಲಿ ಜೋಸೆಫ್ ಪುಲಿಟ್ಜರ್‌ನ ‘ವರ್ಲ್ಡ್’ ಪತ್ರಿಕೆ ಇಲ್ಲಿನ ಅವ್ಯವಹಾರಗಳನ್ನು ಬೀದಿಗೆಳೆಯಿತು. 1890ರ ಏಪ್ರಿಲ್‌ನಲ್ಲಿ ಕೋಟೆಯ ಕೆಲಸ ನಿಂತಿತು. 1892ರ ಜನವರಿ 1ರಂದು ಎಲ್ಲಿಸ್ ದ್ವೀಪದ ಹೊಸ ವಲಸೆ ಕೇಂದ್ರ ತೆರೆಯಿತು. ಹತ್ತು ವರ್ಷ ತುಂಬುವಷ್ಟರಲ್ಲಿ ಅಲ್ಲೂ ಹಣ ಬದಲಾವಣೆ, ಊಟದ ಗುತ್ತಿಗೆಗಳಲ್ಲಿ ಮೋಸ. ರಾಷ್ಟ್ರಾಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ 1902ರಲ್ಲಿ ವಿಲಿಯಂ ವಿಲಿಯಮ್ಸ್ ಎಂಬ ವಕೀಲನನ್ನು ಕಳಿಸಿ ಅದನ್ನೆಲ್ಲ ಗುಡಿಸಿ ಹಾಕಿಸಬೇಕಾಯಿತು.

ನ್ಯೂಯಾರ್ಕಿನ ನೆಲವೇ ಹಾಗೋ ಏನೋ. 1849ರಲ್ಲಿ ವಿಲಿಯಂ ಥಾಮ್ಸನ್ ಎಂಬವನು ಬೀದಿಯಲ್ಲಿ ಹೋಗುವ ಸಭ್ಯಸ್ಥರನ್ನು ನಿಲ್ಲಿಸಿ, ಕುಶಲ ಮಾತಾಡಿ, ನಿಮ್ಮ ಗಡಿಯಾರವನ್ನು ನಾಳೆಯವರೆಗೆ ನನ್ನ ಕೈಗೆ ಕೊಡುವಷ್ಟು ನಂಬಿಕೆ ನನ್ನ ಮೇಲೆ ಇದೆಯೆ ಎಂದು ಕೇಳುತ್ತಿದ್ದನಂತೆ. ಕೊಟ್ಟವರಿದ್ದರು! 110 ಡಾಲರಿನ ಚಿನ್ನದ ಗಡಿಯಾರ ಕಳೆದುಕೊಂಡ ಒಬ್ಬನು ಬೀದಿಯಲ್ಲಿ ಗುರುತು ಹಿಡಿದದ್ದರಿಂದ ಸಿಕ್ಕಿಬಿದ್ದ. ಇಂಗ್ಲಿಷಿನ ‘ಕಾನ್‌ಮ್ಯಾನ್’ ಪದ ಹುಟ್ಟಿದ್ದು ಅವನಿಗೆ ಪತ್ರಿಕೆಗಳು ಕೊಟ್ಟ ‘ಕಾನ್ಫಿಡೆನ್ಸ್ ಮ್ಯಾನ್’, ಅಂದರೆ ನಂಬಿಕೆಯ ಮನುಷ್ಯ, ಎಂಬ ಬಿರುದಿನಿಂದ. 1883ರಲ್ಲಿ ಬ್ರೂಕ್ಲಿನ್ ಸೇತುವೆ ತೆರೆದ ಮೇಲಂತೂ ಅದನ್ನೇ ಹೊಸಬರಿಗೆ ಮಾರಿದ ಕಥೆಗಳು ಹುಟ್ಟಿಕೊಂಡವು. ಹಾಗೆ ಮಾರಿದನೆಂದು ಹೆಸರಾದ ಜಾರ್ಜ್ ಪಾರ್ಕರ್ 1928ರಲ್ಲಿ ಜೀವಾವಧಿ ಶಿಕ್ಷೆಗೆ ಸಿಂಗ್ ಸಿಂಗ್ ಸೆರೆಮನೆ ಸೇರಿದ.

ವಲಸಿಗರಿಲ್ಲದ ಕೋಟೆ 1896ರಲ್ಲಿ ಮೀನಾಗಾರವಾಯಿತು. ರಾಬರ್ಟ್ ಮೋಸಸ್ ಎಂಬ ಅಧಿಕಾರಿ ಇಲ್ಲಿಂದ ಬ್ರೂಕ್ಲಿನ್‌ಗೆ ಇನ್ನೊಂದು ಸೇತುವೆ ಕಟ್ಟಲು ಹೊರಟಿದ್ದ. ಅದು ತಪ್ಪಿದ ಸಿಟ್ಟಿಗೆ 1941ರಲ್ಲಿ ಮೀನಾಗಾರ ಮುಚ್ಚಿಸಿ ಎಲ್ಲವನ್ನೂ ಕೆಡವಲು ನಿಂತ. ಚಾವಣಿ ಹೋಯಿತು, ಮೇಲಂತಸ್ತು ಹೋಯಿತು. 1946ರಲ್ಲಿ ರಾಷ್ಟ್ರೀಯ ಸ್ಮಾರಕವೆಂದು ಕಾಯ್ದೆಯಾದ ಮೇಲೆ ಉಳಿದದ್ದು ದುಂಡಗಿನ ಗೋಡೆ ಮಾತ್ರ. ಎಲ್ಲಿಸ್ ದ್ವೀಪಕ್ಕೆ ಅಷ್ಟು ದೊಡ್ಡ ವಸ್ತುಸಂಗ್ರಹಾಲಯ, ಅದಕ್ಕಿಂತ ಮೊದಲಿನ ಬಾಗಿಲಿಗೆ ಟಿಕೆಟ್ ಕೌಂಟರಿನ ಕೆಲಸ. ಹಿತ್ತಾಳೆ ಬಿಲ್ಲೆ ಹಿಡಿದು ಹೆಸರು ಕೂಗುವುದನ್ನೇ ಕಾಯುತ್ತ ಜನ ಕುಳಿತಿದ್ದ ಅಂಗಳದಲ್ಲಿ ಈಗ ಸಾಲು ತಪ್ಪದಂತೆ ಕಟ್ಟಿದ ಹಗ್ಗ. ನನಗಿದು ಹೊಟ್ಟೆ ಉರಿಸುತ್ತದೆ.

ಆ ದಿನ ಸಾಲು ಉದ್ದವಿತ್ತು, ಭಾವನ ಮಂಡಿ ನೋವು ಬೇರೆ. ಪ್ರತಿಮೆ ನಾಳೆಗಿರಲಿ ಎಂದು ಮಗಳು ಪಕ್ಕದ ವೈಟ್‌ಹಾಲ್ ಕಟ್ಟೆಗೆ ಕರೆದುಕೊಂಡು ಹೋಗಿ ಸ್ಟೇಟನ್ ಐಲೆಂಡ್‌ನ ಕಿತ್ತಳೆ ಬಣ್ಣದ ಫೆರ್ರಿ ಹತ್ತಿಸಿದಳು. 1997ರಿಂದ ಅದಕ್ಕೆ ಕಾಸಿಲ್ಲ. ಕಾಸಿಲ್ಲದ ಈ ದೋಣಿಗೂ ಟಿಕೆಟ್ಟು ಮಾರಿ ಸಿಕ್ಕಿಬಿದ್ದವರಿದ್ದಾರೆ ಎಂದು ಅವಳು ಹೇಳಿದಾಗ ಭಾವ ಜೇಬಿನಲ್ಲಿದ್ದ ಪರ್ಸನ್ನು ಇನ್ನೊಮ್ಮೆ ಮುಟ್ಟಿಕೊಂಡರು. ದೋಣಿ ಹೊರಟಿತು. ದಡ ಹಿಂದೆ ಸರಿದಂತೆ ಬಲಗಡೆಯ ಮರಗಳ ನಡುವೆ ಕೆಂಪು ಗೋಡೆ ಕಂಡಿತು. ‘ಅದೇನು ಮಾರಾಯ, ನೀರಿನ ಟ್ಯಾಂಕಾ?’ ಎಂದರು ಭಾವ. ಅಲ್ಲ ಭಾವ, ಅದೇ ನಾವು ಹೋಗಿದ್ದ ಕೋಟೆ ಎಂದು ಬಾಯಿ ತೆರೆಯುವಷ್ಟರಲ್ಲಿ ಎಡಗಡೆ ಬ್ರೂಕ್ಲಿನ್ ಸೇತುವೆ ಕಾಣಿಸಿತು. ದೋಣಿಯಲ್ಲಿದ್ದವರೆಲ್ಲ ಫೋನು ಎತ್ತಿಕೊಂಡು ಆ ಕಡೆಗೆ ಓಡಿದರು. ಭಾವನೂ ಮಂಡಿ ನೋವು ಮರೆತು ಓಡಿದರು.