ವೇಗ ಹೆಚ್ಚಿಸಿದಾಗ ಕಾರು ಸದ್ದು ಮಾಡುವುದೇಕೆ?

ನೀವು ಕಾರಿನ ಹಿಂದಿನ ಸೀಟಿನಲ್ಲಿ ಕುಳಿತಿದ್ದೀರಿ ಎಂದುಕೊಳ್ಳಿ. ಚಾಲಕರು ಆಕ್ಸಿಲರೇಟರ್ ಒತ್ತಿದೊಡನೆ ಎಲ್ಲಿಂದಲೋ ‘ಗುಂಯ್’ ಎಂಬ ಸದ್ದು ಏಳುತ್ತದೆ. ವೇಗ ತಗ್ಗಿಸಿದರೆ ಸದ್ದೂ ತಗ್ಗುತ್ತದೆ. ಒಬ್ಬರು ‘ಸೈಲೆನ್ಸರ್ ಇರಬೇಕು’ ಎನ್ನುತ್ತಾರೆ, ಇನ್ನೊಬ್ಬರು ‘ಇಂಜಿನ್ನೇ ಹೋಯಿತು’ ಎನ್ನುತ್ತಾರೆ. ಯಾರ ಮಾತು ಸರಿ? ನಿಮಗೆ ಕಾರು ಓಡಿಸಲು ಬಾರದಿದ್ದರೂ ಚಿಂತೆಯಿಲ್ಲ. ಪ್ರೌಢಶಾಲೆಯ ಭೌತವಿಜ್ಞಾನ ಮತ್ತು ಎರಡು ಕಿವಿಗಳಿದ್ದರೆ ಉತ್ತರದ ಸಮೀಪಕ್ಕೆ ಹೋಗಬಹುದು.

2013ರಲ್ಲಿ ನಮ್ಮ ಚಿತ್ರೀಕರಣ ತಂಡ ಬೆಂಗಳೂರಿನಿಂದ ಮಂಗಳೂರಿಗೆ ಹೊರಟಿತ್ತು. ಬಾಡಿಗೆ ಕಾರಿನಲ್ಲಿ ಇಂಥದೇ ಸದ್ದು. ಹೊರಡುವ ಮುನ್ನಾದಿನ ಒಂದು ಗ್ಯಾರೇಜಿನವರು ಸೈಲೆನ್ಸರ್ ಬದಲಿಸಿ ಹಣ ಪಡೆದಿದ್ದರು. ಸದ್ದು ಮಾತ್ರ ಹೋಗಿರಲಿಲ್ಲ. ನಮ್ಮ ಧ್ವನಿಗ್ರಾಹಕರು ಹೆಡ್‌ಫೋನ್ ಹಾಕಿ, ಮೈಕನ್ನು ಕಾಲ ಬಳಿ ಇಟ್ಟು, ಕಣ್ಣು ಮುಚ್ಚಿ ಕುಳಿತರು. ಸ್ವಲ್ಪ ಹೊತ್ತಿನ ಮೇಲೆ ಹೇಳಿದರು: “ಸಾರ್, ಗೇರ್ ಬದಲಾದಾಗ ಇಂಜಿನ್ ಸ್ವರ ಬದಲಾಗ್ತಾ ಇದೆ, ಈ ಸದ್ದು ಬದಲಾಗ್ತಾ ಇಲ್ಲ. ಇದು ಇಂಜಿನ್‌ದಲ್ಲ.” ಹಾಸನದಲ್ಲಿ ಕಾರು ನಿಲ್ಲಿಸಿದೆವು. ಅಲ್ಲಿಯ ಮೆಕ್ಯಾನಿಕ್ ಮುಂದಿನ ಚಕ್ರವನ್ನು ಜಾಕಿಯಿಂದ ಎತ್ತಿ, ಮೇಲೂ ಕೆಳಗೂ ಹಿಡಿದು ಅಲ್ಲಾಡಿಸಿದರು. ಅಲುಗಬಾರದ ಚಕ್ರ ಅಲುಗಿತು. ಬೇರಿಂಗ್ ಸವೆದುಹೋಗಿತ್ತು. ಆ ಚಕ್ರವನ್ನು ನಂಬಿ ನಾವು ಶಿರಾಡಿ ಘಾಟಿಯ ತಿರುವುಗಳಲ್ಲಿ ಇಳಿಯಲಿದ್ದೆವು!

ಧ್ವನಿಗ್ರಾಹಕರು ಮಾಡಿದ್ದೇನು? ಆಕ್ಸಿಲರೇಟರ್ ಒತ್ತಿದಾಗ ಕಾರಿನಲ್ಲಿ ಮೂರು ಸಂಗತಿಗಳು ಏಕಕಾಲಕ್ಕೆ ಬದಲಾಗುತ್ತವೆ. ಇಂಜಿನ್ನಿನ ಸುತ್ತು ಹೆಚ್ಚುತ್ತದೆ, ಚಕ್ರದ ಸುತ್ತು ಹೆಚ್ಚುತ್ತದೆ, ಇಂಜಿನ್ನಿನ ಮೇಲಿನ ಹೊರೆಯೂ ಹೆಚ್ಚುತ್ತದೆ. ಸದ್ದು ಇವುಗಳಲ್ಲಿ ಯಾವುದನ್ನು ಹಿಂಬಾಲಿಸುತ್ತಿದೆ? ಅದು ತಿಳಿಯುವವರೆಗೆ ಯಾವ ಭಾಗವನ್ನು ಬದಲಿಸಿದರೂ ಅದು ಊಹೆಯೇ. ಪ್ರಯೋಗಶಾಲೆಯಲ್ಲಿ ನೀವು ಒಂದು ಅಂಶವನ್ನು ಬದಲಿಸಿ ಉಳಿದವನ್ನು ಸ್ಥಿರವಾಗಿಡುತ್ತೀರಲ್ಲವೆ? ಇಲ್ಲಿಯೂ ಹಾಗೆಯೇ.

ಕಾರನ್ನು ಬಯಲಿನಲ್ಲಿ ನಿಲ್ಲಿಸಿ, ಕೈಬ್ರೇಕ್ ಹಾಕಿ, ನ್ಯೂಟ್ರಲ್‌ನಲ್ಲಿ ಇಂಜಿನ್ನಿನ ಸುತ್ತನ್ನು ಏರಿಸಿದರೆ ಚಕ್ರ ತಿರುಗುವುದಿಲ್ಲ. ಆಗಲೂ ಸದ್ದು ಬಂದರೆ ಇಂಜಿನ್, ಬೆಲ್ಟ್ ಅಥವಾ ಸೈಲೆನ್ಸರ್ ಕಡೆ ನೋಡಬೇಕು. ಎರಡನೆಯದಾಗಿ, ಖಾಲಿ ರಸ್ತೆಯಲ್ಲಿ ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಮೂರನೆಯ ಗೇರಿನಲ್ಲಿ ಸ್ವಲ್ಪ ದೂರ, ಅದೇ ವೇಗದಲ್ಲಿ ನಾಲ್ಕನೆಯ ಗೇರಿನಲ್ಲಿ ಸ್ವಲ್ಪ ದೂರ ಹೋಗಲಿ. ಚಕ್ರದ ಸುತ್ತು ಬದಲಾಗಿಲ್ಲ, ಇಂಜಿನ್ನಿನ ಸುತ್ತು ಇಳಿದಿದೆ. ಸದ್ದಿನ ಸ್ಥಾಯಿಯೂ ಇಳಿದರೆ ಅದು ಇಂಜಿನ್ನಿನದು. ಇಳಿಯದಿದ್ದರೆ ಚಕ್ರ, ಟೈರು ಅಥವಾ ಬೇರಿಂಗ್‌ನದು. (ವಿದ್ಯುತ್ ಕಾರುಗಳಲ್ಲಿ ಸಾಮಾನ್ಯವಾಗಿ ಒಂದೇ ಗೇರ್, ಅಲ್ಲಿ ಈ ಪರೀಕ್ಷೆ ನಡೆಯದು.)

ಸ್ವಲ್ಪ ಲೆಕ್ಕವನ್ನೂ ಮಾಡೋಣ. ನಾಲ್ಕು ಸಿಲಿಂಡರುಗಳ ಇಂಜಿನ್ ನಿಮಿಷಕ್ಕೆ 3000 ಸುತ್ತು, ಅಂದರೆ ಸೆಕೆಂಡಿಗೆ 50 ಸುತ್ತು ತಿರುಗುತ್ತಿದೆ ಎನ್ನಿ. ಪ್ರತಿ ಸುತ್ತಿಗೆ ಎರಡು ಸಿಲಿಂಡರುಗಳಲ್ಲಿ ಇಂಧನ ಉರಿಯುತ್ತದೆ. ಅಂದರೆ ಸೆಕೆಂಡಿಗೆ 100 ದಹನ. ಕಿವಿಗೆ ಇದು ಒಂದು ಅಖಂಡ ಸ್ವರ. ಇನ್ನು ಚಕ್ರದ ವಿಷಯ. ಟೈರಿನ ಸುತ್ತಳತೆ ಸುಮಾರು 1.8 ಮೀಟರ್ ಇದ್ದರೆ, ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಚಕ್ರ ಸೆಕೆಂಡಿಗೆ ಒಂಬತ್ತು ಸುತ್ತು ಮಾತ್ರ ತಿರುಗುತ್ತದೆ. ಟೈರಿನಲ್ಲಿ ಸಿಕ್ಕಿಕೊಂಡ ಕಲ್ಲು ಆದ್ದರಿಂದಲೇ ‘ಟಕಟಕ’ ಎನ್ನುತ್ತದೆ, ಸ್ವರವಾಗುವುದಿಲ್ಲ. ಬೇರಿಂಗ್‌ನಲ್ಲಿ ಹಲವು ಗುಂಡುಗಳು ಸವೆದ ಹಾದಿಯ ಮೇಲೆ ಉರುಳುವುದರಿಂದ ಅದು ಗುಂಯ್‌ಗುಡುತ್ತದೆ. ರಸ್ತೆ ಎಡಕ್ಕೆ ಬಾಗಿದಾಗ ಭಾರ ಬಲಗಡೆಯ ಚಕ್ರಗಳಿಗೆ ಸರಿಯುತ್ತದೆ. ಆಗ ಸದ್ದು ಜೋರಾದರೆ ಬಲಗಡೆಯ ಬೇರಿಂಗ್ ಮೇಲೆ ಅನುಮಾನಪಡಬೇಕು.

ಇಂದಿನ ಸಣ್ಣ ಕಾರುಗಳಲ್ಲಿ ಹೆಚ್ಚಿನವು ಮುಂದಿನ ಚಕ್ರಗಳಿಂದ ಎಳೆಯಲ್ಪಡುತ್ತವೆ. ಆ ಚಕ್ರಗಳು ಎಡಬಲಕ್ಕೆ ತಿರುಗಬೇಕು, ಗುಂಡಿ ಬಂದಾಗ ಮೇಲೆ ಕೆಳಗೆ ಆಡಬೇಕು, ಜೊತೆಗೆ ಇಂಜಿನ್ನಿನ ಶಕ್ತಿಯನ್ನೂ ಪಡೆಯಬೇಕು. ಈ ಕಷ್ಟದ ಕೆಲಸ ಮಾಡುವುದು ಸಿ.ವಿ. ಜಾಯಿಂಟ್ ಎಂಬ ಕೀಲು. ಇದರ ಮೇಲೆ ಗ್ರೀಸ್ ತುಂಬಿದ ರಬ್ಬರ್ ಬೂಟ್ ಇರುತ್ತದೆ. ಬೂಟ್ ಹರಿದರೆ ಗ್ರೀಸ್ ಹೊರಗೆ, ಮಣ್ಣು ಒಳಗೆ. ಸ್ಟೀರಿಂಗನ್ನು ಪೂರ್ತಿ ತಿರುಗಿಸಿ ವೇಗ ಕೊಟ್ಟಾಗ ‘ಕಟ್ ಕಟ್ ಕಟ್’ ಎಂದರೆ ಇದರ ಕೀಲೇ ಸವೆದಿದೆ ಎಂದು ಬಹುಮಟ್ಟಿಗೆ ಹೇಳಬಹುದು. ಸದ್ದು ಹುಟ್ಟುವ ಮೊದಲೇ ನೋಡಿಕೊಂಡರೆ ಬೂಟ್ ಮತ್ತು ಗ್ರೀಸ್ ಬದಲಿಸಿದರೆ ಸಾಕು. ಸದ್ದು ಬಂದ ಮೇಲೆ ಜಾಯಿಂಟನ್ನೇ ಬದಲಿಸಬೇಕಾಗುತ್ತದೆ.

ಮೂರನೆಯದು ಹೊರೆ. ಏರುದಾರಿಯಲ್ಲಿ ಮೇಲಿನ ಗೇರಿನಲ್ಲೇ ಆಕ್ಸಿಲರೇಟರ್ ಒತ್ತಿದಾಗ, ತಗಡಿನ ಡಬ್ಬಿಯಲ್ಲಿ ಹುಣಿಸೆಬೀಜ ಕುಲುಕಿದಂತಹ ಸದ್ದು ಕೇಳಿದ್ದೀರಾ? ಇದಕ್ಕೆ ‘ನಾಕಿಂಗ್’ ಎಂದು ಹೆಸರು. ಸ್ಪಾರ್ಕ್ ಪ್ಲಗ್ಗಿನಿಂದ ಹೊರಟ ಜ್ವಾಲೆ ಸಿಲಿಂಡರಿನ ಮೂಲೆಯನ್ನು ತಲುಪುವ ಮುನ್ನವೇ ಅಲ್ಲಿಯ ಮಿಶ್ರಣ ಒತ್ತಡ ಮತ್ತು ಶಾಖದಿಂದ ತಾನಾಗಿಯೇ ಸಿಡಿಯುತ್ತದೆ. ಆ ಒತ್ತಡದ ಅಲೆಗಳು ಗೋಡೆಗೆ ಬಡಿದು ಸದ್ದಾಗುತ್ತದೆ. ಹೀಗೇ ಬಿಟ್ಟರೆ ಪಿಸ್ಟನ್ ಹಾಳಾಗಬಹುದು. ಇದನ್ನು ತಡೆಯಲೆಂದು 1921ರಲ್ಲಿ ಅಮೆರಿಕದ ಥಾಮಸ್ ಮಿಡ್ಜ್‌ಲಿ ಪೆಟ್ರೋಲಿಗೆ ಸೀಸದ ಸಂಯುಕ್ತ ಬೆರೆಸುವ ಉಪಾಯ ಕಂಡುಹಿಡಿದರು. ಸದ್ದು ನಿಂತಿತು, ಸೀಸದ ವಿಷ ಗಾಳಿಗೆ ಸೇರಿತು. ಭಾರತದಲ್ಲಿ ಸೀಸದ ಪೆಟ್ರೋಲು ಮಾರಾಟ ನಿಂತದ್ದು 2000ದಲ್ಲಿ. ಈಗಿನ ಅನೇಕ ಇಂಜಿನ್ನುಗಳಲ್ಲಿ ಈ ಸದ್ದನ್ನು ಆಲಿಸುವ ಸಂವೇದಕವೇ ಇದೆ. ಅದು ಸೂಚನೆ ಕೊಟ್ಟೊಡನೆ ಕಿಡಿ ಹಾರುವ ಗಳಿಗೆಯನ್ನು ಕೊಂಚ ತಡಮಾಡಲಾಗುತ್ತದೆ. ಚಾಲಕರು ಮಾಡಬೇಕಾದ್ದು ಸುಲಭ: ಒಂದು ಗೇರ್ ಇಳಿಸುವುದು. ಆಮೇಲೂ ಸದ್ದು ಉಳಿದರೆ ಇಂಧನ, ಇಂಗಾಲದ ಕರೆ, ಇಂಜಿನ್ನಿನ ಬಿಸಿ ಇವುಗಳ ತಪಾಸಣೆ ಆಗಬೇಕು.

ಒಂದು ನಿರ್ದಿಷ್ಟ ಸುತ್ತಿನಲ್ಲಿ ಮಾತ್ರ ಗಡಗಡ ಎಂದು, ಅದು ದಾಟಿದರೆ ನಿಲ್ಲುವ ಸದ್ದು ಅನುರಣನೆಯದು. ಸೈಲೆನ್ಸರಿನ ಮೇಲಿನ ಶಾಖ ತಡೆಯುವ ತಗಡು ಸಡಿಲವಾದಾಗ ಹೀಗಾಗುತ್ತದೆ, ಒಂದು ಕ್ಲಾಂಪಿನಲ್ಲಿ ಮುಗಿಯುತ್ತದೆ. ಆದರೆ ಬೆಳಗ್ಗೆ ತಣ್ಣಗಿರುವಾಗ ಜೋರಾಗಿ ‘ಟಸ್ ಟಸ್’ ಎಂದು, ಬಿಸಿಯಾದಂತೆ ಲೋಹ ಹಿಗ್ಗಿ ಕಡಿಮೆಯಾಗುವ ಸದ್ದನ್ನು ಹಗುರವಾಗಿ ನೋಡಬೇಡಿ. ಹೊಗೆ ಕೊಳವೆ ಸೋರುತ್ತಿರಬಹುದು. ಅದರಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಕಾರಿನೊಳಗೆ ಸೇರಿದರೆ ಪ್ರಾಣಕ್ಕೇ ಅಪಾಯ. ಮುಚ್ಚಿದ ಷೆಡ್ಡಿನಲ್ಲಿ ಇಂಜಿನ್ ಚಾಲೂ ಮಾಡಿ ಯಾವ ಪರೀಕ್ಷೆಯನ್ನೂ ಮಾಡಕೂಡದು.

ಮೆಕ್ಯಾನಿಕ್ಕುಗಳು ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗೆ ಆನಿಸಿ ಕೇಳುವುದನ್ನು ನೀವು ನೋಡಿರಬಹುದು. ಉಕ್ಕಿನ ಮೂಲಕ ಕಂಪನ ನೇರವಾಗಿ ಬರುತ್ತದೆ. ವೈದ್ಯರ ಸ್ಟೆತೋಸ್ಕೋಪಿನಂತೆಯೇ ಇದೂ. ನೀವು ಮಾತ್ರ ಇದನ್ನು ಮಾಡಹೋಗಬೇಡಿ. ತಿರುಗುವ ಬೆಲ್ಟಿಗೆ ತೋಳು, ದುಪಟ್ಟಾ, ಜಡೆ ಸಿಕ್ಕಿಕೊಳ್ಳಲು ಕ್ಷಣ ಸಾಕು.

ಗ್ಯಾರೇಜಿಗೆ ಹೋದಾಗ ‘ಸೈಲೆನ್ಸರ್ ಬದಲಿಸಿ’ ಎನ್ನುವ ಬದಲು ಸದ್ದು ಯಾವ ವೇಗದಲ್ಲಿ, ಯಾವ ಗೇರಿನಲ್ಲಿ, ಯಾವ ಕಡೆ ತಿರುಗಿದಾಗ ಬರುತ್ತದೆ, ತಣ್ಣಗಿದ್ದಾಗಲೋ ಬಿಸಿಯಾದಾಗಲೋ ಎಂದು ಚೀಟಿಯಲ್ಲಿ ಬರೆದು ಕೊಡಿ. ಮೊಬೈಲಿನಲ್ಲಿ ಸದ್ದನ್ನು ಮುದ್ರಿಸಿಕೊಂಡು ಹೋಗುವುದೂ ಒಳ್ಳೆಯದೇ. ಆದರೆ ನಮ್ಮ ಕಸುಬಿನ ಒಂದು ಗುಟ್ಟು ಕೇಳಿ: ಮೊಬೈಲು ಸಣ್ಣ ಸದ್ದನ್ನು ತಾನಾಗಿಯೇ ಹಿಗ್ಗಿಸಿ, ದೊಡ್ಡದನ್ನು ತಗ್ಗಿಸಿಬಿಡುವುದುಂಟು. ಆ ಮುದ್ರಣದಿಂದ ಸದ್ದಿನ ಲಯ ತಿಳಿಯುತ್ತದೆ, ಜೋರು ತಿಳಿಯುವುದಿಲ್ಲ. ಮೆಕ್ಯಾನಿಕ್ಕನ್ನು ಕಾರಿನಲ್ಲಿ ಕೂರಿಸಿಕೊಂಡು ಒಂದು ಸುತ್ತು ಹೋಗಿಬರಲು ಮನೆಯ ಹಿರಿಯರಿಗೆ ಹೇಳಿ.