ಆಟದ ಪೆಟ್ಟಿಗೆಯ ಜೀರ್ಣೋದ್ಧಾರ

ದೇವಾಲಯಕ್ಕೂ ಕೆರೆಗೂ ಸಲ್ಲುವ ಜೀರ್ಣೋದ್ಧಾರವೆಂಬ ಶಬ್ದವನ್ನು ಒಂದು ಆಟದ ಪೆಟ್ಟಿಗೆಗೆ ಪ್ರಯೋಗಿಸಿದುದಕ್ಕಾಗಿ ಪಂಡಿತರಾದ ವಾಚಕರು ನಮ್ಮನ್ನು ಮನ್ನಿಸಬೇಕು. ಕೋಲಾರದ ಚಿನ್ನದ ಗಣಿಪ್ರದೇಶಕ್ಕೆ ಸೇರಿದ ಕೋರಮಂಡಲ್‌ನಲ್ಲಿ, ನಮ್ಮ ಮನೆಯ ಪಡಸಾಲೆಯಲ್ಲಿ, ಆರು ತಿಂಗಳ ಕಾಲ ನಡೆದ ಕೆಲಸಕ್ಕೆ ಬೇರೆ ಹೆಸರು ನಮಗೆ ತೋರಲಿಲ್ಲ.

ಈಗಿನ ಮಕ್ಕಳಿಗೆ ಆಟವೆಲ್ಲವೂ ಅಂಗೈಯ ಫೋನಿನಲ್ಲಿಯೇ ಅಡಗಿದೆ. ಹಿಂದೆ ಹಾಗಿರಲಿಲ್ಲ. ಆಳೆತ್ತರದ ಮರದ ಪೆಟ್ಟಿಗೆ, ಅದರೊಳಗೆ ಟೆಲಿವಿಷನ್ನಿನ ಗಾಜಿನ ಕೊಳವೆ, ಮುಂದೆ ಒಂದು ಹಿಡಿಕೆ. ಕಾಸು ಹಾಕಿದರೆ ಆಟ. ೧೯೮೦ರಲ್ಲಿ ಜಪಾನಿನ ನಾಮ್ಕೋ ಸಂಸ್ಥೆಯವರು ಹೊರತಂದ ಪ್ಯಾಕ್‌ಮ್ಯಾನ್ ಎಂಬುದು ಇಂಥ ಆಟಗಳಲ್ಲಿ ಜಗತ್ಪ್ರಸಿದ್ಧವಾದುದು. ಅದನ್ನು ರಚಿಸಿದವರು ತೋರು ಇವಾತಾನಿ ಎಂಬವರು. ಹಳದಿಯ ದುಂಡು ಮೂರ್ತಿಯೊಂದು ವ್ಯೂಹದಂತಿರುವ ಓಣಿಗಳಲ್ಲಿ ಓಡಿ ೨೪೦ ಸಣ್ಣ ಚುಕ್ಕೆಗಳನ್ನೂ ೪ ದೊಡ್ಡ ಚುಕ್ಕೆಗಳನ್ನೂ ತಿಂದು ಮುಗಿಸಬೇಕು. ನಾಲ್ಕು ಭೂತಗಳು ಬೆನ್ನಟ್ಟುತ್ತವೆ. ಇದರದೊಂದು ನಕಲು ರಾಬರ್ಟ್‌ಸನ್‌ಪೇಟೆಯ ಅಂಗಡಿಯೊಂದಕ್ಕೂ ಬಂದಿತ್ತು.

೧೯೮೯ರಲ್ಲಿ ನಾವು ಹೊಸದಾಗಿ ಉಪಾಧ್ಯಾಯವೃತ್ತಿಗೆ ಸೇರಿದ್ದೆವು. ಗಣಿಕೆಲಸಗಾರನೊಬ್ಬನ ಮಗ, ಹದಿಮೂರು ವರ್ಷದ ಹುಡುಗ, ಶಾಲೆ ತಪ್ಪಿಸಿ ಆ ಅಂಗಡಿಯಲ್ಲಿ ಸಿಕ್ಕಿಬಿದ್ದನು. ಜೂಜಿನ ಚಟವೆಂದು ಬೆತ್ತ ಹಿಡಿದೆವು. ಆಗ ಅವನು, “ಸಾರ್, ಅದು ಅದೃಷ್ಟದ ಆಟವಲ್ಲ. ನಾನು ಒಂದೇ ದಾರಿಯಲ್ಲಿ ಹೋದರೆ ಭೂತಗಳೂ ಪ್ರತಿಸಲ ಒಂದೇ ದಾರಿಯಲ್ಲಿ ಬರುತ್ತವೆ” ಎಂದು ಹೇಳಿ, ಲೆಕ್ಕದ ಪುಸ್ತಕದಲ್ಲಿ ಬಾಣದ ಗುರುತುಗಳಿಂದ ಬರೆದಿಟ್ಟಿದ್ದ ದಾರಿಯನ್ನು ತೋರಿಸಿದನು. ಸುಳ್ಳಿಗೆ ಶಾಸ್ತ್ರದ ವೇಷವೆಂದು ಗದರಿಸಿ, ಆ ಹಾಳೆಯನ್ನು ತರಗತಿಯ ಮುಂದೆಯೇ ಹರಿದುಹಾಕಿದೆವು.

ಗಣಿಗಳು ೨೦೦೧ನೆಯ ಫೆಬ್ರವರಿ ೨೮ರಂದು ಮುಚ್ಚಿದುವು. ಅನೇಕರಂತೆ ಆ ಹುಡುಗನೂ ಬೆಳಗಿನ ರೈಲು ಹತ್ತಿ ಬೆಂಗಳೂರಿಗೆ ಹೋಗಿಬರುವವನಾದನು. ಯಂತ್ರಗಳ ದುರಸ್ತಿ ಆತನ ಉದ್ಯೋಗ; ವಯಸ್ಸು ಐವತ್ತನ್ನು ಸಮೀಪಿಸಿದೆ. ಕಳೆದ ವರ್ಷ ಒಂದು ಸಂಜೆ ನಮ್ಮ ಬಾಗಿಲಿಗೆ ಬಂದು, ಹಳೆಯ ಅಂಗಡಿಯ ಪೆಟ್ಟಿಗೆಯನ್ನು ಗುಜರಿಯವನಿಂದ ಕೊಂಡಿರುವುದಾಗಿಯೂ, ಗಣಿಲೈನಿನ ತನ್ನ ಮನೆಯಲ್ಲಿ ಅದನ್ನಿಡಲು ಸ್ಥಳವಿಲ್ಲವೆಂದೂ, “ತಮ್ಮ ಪಡಸಾಲೆಯಲ್ಲಿ ಇಡಬಹುದೇ ಸಾರ್?” ಎಂದೂ ಕೇಳಿದನು. ಹರಿದ ಹಾಳೆಯ ಮಾತನ್ನು ಆತನೂ ಎತ್ತಲಿಲ್ಲ, ನಾವೂ ಎತ್ತಲಿಲ್ಲ.

ಪೆಟ್ಟಿಗೆಯ ಸ್ಥಿತಿ ಶೋಚನೀಯವಾಗಿತ್ತು. ತಳದ ಪ್ಲೈವುಡ್ಡನ್ನು ಗೆದ್ದಲು ತಿಂದಿತ್ತು. ಒಳಗೆ ಇಲಿಗಳು ಸಂಸಾರ ಹೂಡಿದ್ದುವು. ಗೃಹಿಣಿಯು ಮೂರು ದಿನ ನಮ್ಮೊಡನೆ ಮಾತನಾಡಲಿಲ್ಲ.

ಇಂಥ ಕೆಲಸಕ್ಕೆ ಕೈಹಾಕುವ ಗೃಹಸ್ಥರು ಒಂದು ವಿಷಯವನ್ನು ಮೊದಲು ತಿಳಿದಿರಬೇಕು. ಗಾಜಿನ ಕೊಳವೆಯು ಹದಿನೈದಿಪ್ಪತ್ತು ಸಾವಿರ ವೋಲ್ಟಿನಲ್ಲಿ ನಡೆಯತಕ್ಕುದು. ತಂತಿ ಕಿತ್ತ ಬಳಿಕವೂ ಆ ಶಕ್ತಿ ಅದರೊಳಗೆ ಬಹುಕಾಲ ನಿಂತಿರಬಲ್ಲದು. ಬಲ್ಲವರು ಸ್ಕ್ರೂಡ್ರೈವರಿಗೆ ತಂತಿ ಕಟ್ಟಿ, ಅದನ್ನು ಲೋಹದ ಚೌಕಟ್ಟಿಗೆ ಸೇರಿಸಿ, ಕೊಳವೆಯ ಮೇಲಿನ ರಬ್ಬರಿನ ಟೊಪ್ಪಿಗೆಯಡಿ ತೂರಿಸಿ ಶಕ್ತಿಯನ್ನು ಹರಿಯಗೊಡುತ್ತಾರೆ. ಬಲ್ಲವರಲ್ಲದವರು ಮುಟ್ಟತಕ್ಕುದಲ್ಲ. ೧೯೦೨ರಲ್ಲಿಯೇ ಶಿವನಸಮುದ್ರದ ವಿದ್ಯುತ್ತನ್ನು ಪಡೆದ ಪ್ರದೇಶ ನಮ್ಮದು, ಬೆಂಗಳೂರಿಗೂ ಮೊದಲು. ಆದರೆ ನಮ್ಮ ಪಡಸಾಲೆಯ ತಂತಿಗೆ ಸರಿಯಾದ ಅರ್ಥಿಂಗ್ ಇರಲಿಲ್ಲ! ಅದನ್ನು ಮಾಡಿಸಿದ ಮೇಲೆಯೇ ಕೆಲಸ ಮುಂದುವರಿಯಿತು.

ಒಣಗಿದ ಕೆಪಾಸಿಟರುಗಳನ್ನು ಆತ ಬದಲಿಸಿದನು. ಬಿರುಕುಬಿಟ್ಟ ಬೆಸುಗೆಗಳನ್ನು ಮತ್ತೆ ಬೆಸೆದನು. ಫಲಕದ ಅಂಚಿನ ಕಿಲುಬುಹಿಡಿದ ಪಟ್ಟಿಗಳನ್ನು ಉಜ್ಜುವುದಕ್ಕೆ ಪೆನ್ಸಿಲಿನ ರಬ್ಬರೇ ಸಾಕೆಂದನು. ಮೂವತ್ತೈದು ವರ್ಷ ಬೋಧಿಸಿದ ನಮಗೆ ಆ ಭಾಗ ಒಪ್ಪಿಸಲ್ಪಟ್ಟಿತು. ಉತ್ಸಾಹದಲ್ಲಿ ನಾವು ಚಿಪ್ಪುಗಳ ಮೇಲೆ ಅಂಟಿಸಿದ್ದ ಕಾಗದಗಳನ್ನೂ ಕೀಳಹೊರಟಾಗ ಆತ ಕೈಹಿಡಿದು ತಡೆದನು. ಆ ಕಾಗದದಡಿ ಸಣ್ಣ ಗಾಜಿನ ಕಿಂಡಿಯಿದೆ. ನೇರಳಾತೀತ ಕಿರಣಗಳು ಒಳಹೊಕ್ಕರೆ ಬರೆದಿಟ್ಟುದೆಲ್ಲ ಕ್ರಮೇಣ ಅಳಿಸಿಹೋಗುತ್ತದೆ. ಒಂದು ಚಿಪ್ಪು ಆಗಲೇ ಮರೆವಿಗೆ ಬಿದ್ದಿತ್ತು. ಅದನ್ನು ಬೆಂಗಳೂರಿನ ಎಸ್. ಪಿ. ರಸ್ತೆಯಲ್ಲಿ ಮತ್ತೆ ಬರೆಯಿಸಿ ತಂದನು.

ವಿವಾದವಾದುದು ಕೊಳವೆಯ ವಿಷಯದಲ್ಲಿ. ವರ್ಷಾನುಗಟ್ಟಲೆ ಒಂದೇ ಚಿತ್ರ ಬೆಳಗಿದುದರಿಂದ ಅದರ ಒಳಲೇಪವು ಸುಟ್ಟು, ದೀಪವಾರಿದಾಗಲೂ ಗಾಜಿನಲ್ಲಿ ಓಣಿಗಳ ನೆರಳು ಕಾಣುತ್ತಿತ್ತು. ಹೊಸ ಚಪ್ಪಟೆ ಪರದೆ ಹಾಕಿದರೆ ಚೊಕ್ಕಟವೆಂದೆವು. ಆತ ಒಪ್ಪಲಿಲ್ಲ. “ಆ ಗೆರೆಗಳಲ್ಲಿ ನಾನೂ ಇದ್ದೇನೆ ಸಾರ್” ಎಂದನು. ನಾವು ಮರುಮಾತಾಡಲಿಲ್ಲ.

ಒಂದು ಭಾನುವಾರ ಪೆಟ್ಟಿಗೆ ಹೊತ್ತಿಕೊಂಡಿತು. ಆತ ಆಡಿದನು, ಭೂತಗಳು ಬಂದ ದಾರಿಯನ್ನು ನಾವು ಕಾಗದದ ಮೇಲೆ ಗುರುತಿಸಿಕೊಂಡೆವು. ಆಟವನ್ನು ಮೊದಲಿನಿಂದ ಪ್ರಾರಂಭಿಸಿ ಅದೇ ತಿರುವುಗಳಲ್ಲಿ ಹಳದಿಮೂರ್ತಿಯನ್ನು ನಡೆಸಿದನು. ಭೂತಗಳೂ ಅದೇ ದಾರಿಯಲ್ಲಿ ಬಂದುವು. ಮೂರನೆಯ ಸಲವೂ ಹಾಗೆಯೇ. ಕೆಂಪು ಭೂತವು ಆಟಗಾರನಿರುವ ಸ್ಥಳವನ್ನೇ ಗುರಿಯಿಡುತ್ತದೆ, ನಸುಗೆಂಪಿನದು ಅವನ ಮುಂದಿನ ಸ್ಥಳವನ್ನು. ಎಲ್ಲವೂ ಸೂತ್ರಬದ್ಧವೆಂದು ಆತ ವಿವರಿಸಿದನು. ಪಾಣಿನಿಯನ್ನು ಓದಿದ ನಮಗೆ ಇದನ್ನು ತಿಳಿಯಲು ಮೂವತ್ತಾರು ವರ್ಷ ಬೇಕಾಯಿತು.

ಆಗ ನಾವೇ ಆ ಹಾಳೆಯ ಮಾತೆತ್ತಿ, ಅಂದು ಮಾಡಿದುದು ತಪ್ಪೆಂದೆವು. ಆತ ನಕ್ಕು, ನಮ್ಮ ಟಿಪ್ಪಣಿಪುಸ್ತಕವನ್ನು ಕೇಳಿ ತೆಗೆದುಕೊಂಡು, ಬಾಣದ ಗುರುತುಗಳಿಂದ ದಾರಿಯನ್ನು ಪುನಃ ಬರೆದುಕೊಟ್ಟನು. ಅದನ್ನು ಮುಂದಿಟ್ಟುಕೊಂಡು ದಿನವೂ ಸಂಜೆ ಅಭ್ಯಾಸ ಮಾಡುತ್ತಿದ್ದೇವೆ. ಏಳನೆಯ ತಿರುವಿನಲ್ಲಿ ಕೈ ತಡವಾಗಿ, ಕೆಂಪು ಭೂತ ಹಿಡಿದುಬಿಡುತ್ತದೆ.